ಮಾಲ್ಯಗ್ರಥನವೂ ಕಾವ್ಯಪರಿಭಾಷೆಯೂ

೧

ಪುಸ್ತಕಕ್ಕೆ ಗ್ರಂಥವೆಂದೂ, ಅದನ್ನು ಬರೆಯುವ ಕಾರ್ಯಕ್ಕೆ ರಚನೆಯೆಂದೂ, ಮಾತಿನ ಹಿಂದುಮುಂದಿನ ಕೂಡಿಕೆಗೆ ಸಂದರ್ಭವೆಂದೂ, ಪದಗಳ ಹೆಣಿಗೆಗೆ ಗುಂಫನವೆಂದೂ ಹೇಳುವುದು ನಮ್ಮಲ್ಲಿ ರೂಢಿಯಾಗಿದೆ. ಈ ಶಬ್ದಗಳ ಮೂಲಾರ್ಥವೇನೆಂದು ವಿದ್ಯಾರ್ಥಿಯೊಬ್ಬನು ಕೇಳಿದರೆ ಉಪಾಧ್ಯಾಯರು ಧಾತುಪಾಠವನ್ನು ತೆರೆಯುವರು. ಅಲ್ಲಿ ‘ಗ್ರಂಥ’ ಧಾತುವಿಗೆ ಸಂದರ್ಭವೆಂಬ ಅರ್ಥವೂ, ‘ದೃಭ್’ ಧಾತುವಿಗೆ ಗ್ರಂಥವೆಂಬ ಅರ್ಥವೂ, ‘ಗುಂಫ’ ಧಾತುವಿಗೆ ಮರಳಿ ಗ್ರಂಥವೆಂಬ ಅರ್ಥವೂ ಹೇಳಲ್ಪಟ್ಟಿರುವುದು. ಸಂದರ್ಭಶಬ್ದವಾದರೋ ದೃಭ್ ಧಾತುವಿನಿಂದಲೇ ಹುಟ್ಟಿದುದು. ಹೀಗೆ ಒಂದನ್ನು ತಿಳಿಯಲು ಹೊರಟವನು ಮತ್ತೊಂದನ್ನು ಕೇಳಿ, ಅದನ್ನು ತಿಳಿಯಲು ಮೊದಲಿನದಕ್ಕೇ ಮರಳಿ, ಗಾಣದ ಎತ್ತಿನಂತೆ ಸುತ್ತಬೇಕಾಗುವುದು. ಇದು ಧಾತುಪಾಠಕಾರನ ದೋಷವಲ್ಲ. ಅವನ ಕಾಲದವರು ಆ ಕ್ರಿಯೆಯನ್ನು ಪ್ರತಿದಿನವೂ ಕಣ್ಣಾರೆ ಕಾಣುತ್ತಿದ್ದುದರಿಂದ ಒಂದು ಹೆಸರಿನಿಂದ ಮತ್ತೊಂದನ್ನು ಸೂಚಿಸಿದರೆ ಸಾಕಾಗಿದ್ದಿತು. ಕೋಶದಿಂದ ಕೋಶಕ್ಕೆ ಸುತ್ತುವ ನಮಗೆ ಈ ಚಕ್ರದಿಂದ ಹೊರಬರುವ ದಾರಿಯು ಹೂವಾಡಿಗನ ಅಂಗಡಿಯ ಜಗುಲಿಯಲ್ಲಿರುವುದೆಂದು ನನ್ನ ಅಭಿಪ್ರಾಯ.

ಕಿತ್ತ ಹೂವನ್ನು ಆಯುವುದು, ಬಾಡದಂತೆ ಕಾಪಾಡುವುದು, ನೋಯದಂತೆ ಕಟ್ಟುವುದು ಎಂಬ ಮೂರು ಅಂಗಗಳುಳ್ಳ ಒಂದು ವಿದ್ಯೆಯು ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಅದಕ್ಕೆ ಮಾಲ್ಯಗ್ರಥನವೆಂದು ಹೆಸರು. ಇದನ್ನು ಬಲ್ಲವರು ಶಾಸ್ತ್ರವನ್ನು ಬರೆದಿಡಲಿಲ್ಲ. ಶಾಸ್ತ್ರವನ್ನು ಬರೆದವರು ಇವರ ಮಾತುಗಳನ್ನು ತೆಗೆದುಕೊಂಡು ತಮ್ಮ ಕೃತಿಗಳಿಗೆ ಹೆಸರಿಟ್ಟುಕೊಂಡರು. ಆ ಸಾಲವು ಎಷ್ಟರಮಟ್ಟಿನದೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವು.

೨

ಮೊದಲು ಶಾಸ್ತ್ರಗ್ರಂಥಗಳ ಸಾಕ್ಷ್ಯವನ್ನು ನೋಡೋಣ. ವಾತ್ಸ್ಯಾಯನನು ಎಣಿಸಿರುವ ೬೪ ಕಲೆಗಳಲ್ಲಿ ಹೂವಿಗೆ ಸಂಬಂಧಪಟ್ಟವು ಒಂದೆರಡಲ್ಲ. ಅಕ್ಕಿ ಮತ್ತು ಹೂವುಗಳಿಂದ ನೆಲದ ಮೇಲೆ ಚಿತ್ರಬಲಿಯನ್ನಿಡುವುದು, ಪುಷ್ಪಾಸ್ತರಣ ಅಂದರೆ ಹೂವಿನ ಹಾಸನ್ನು ಸಿದ್ಧಪಡಿಸುವುದು, ಮಾಲ್ಯಗ್ರಥನದ ನಾನಾ ಭೇದಗಳು, ಶೇಖರಕ ಮತ್ತು ಆಪೀಡಗಳ ಯೋಜನೆ, ಪುಷ್ಪಶಕಟಿಕೆ ಎಂಬಿವು ಅಲ್ಲಿ ಪ್ರತ್ಯೇಕವಾಗಿ ಪಠಿತವಾಗಿವೆ. ಜಯಮಂಗಲಾ ವ್ಯಾಖ್ಯಾನದ ಪ್ರಕಾರ ಶೇಖರಕವು ಶಿಖೆಯ ಸ್ಥಾನದಲ್ಲಿ ಜೋಲಾಡುವಂತೆ ಇಡತಕ್ಕುದು. ಆಪೀಡವು ವರ್ತುಲವಾಗಿ ಕಟ್ಟಿ ತಲೆಗೆ ತೊಡಿಸತಕ್ಕುದು. ಮಾಲೆಯನ್ನು ಕಟ್ಟುವುದೂ ಅದನ್ನು ಅಂಗದ ಮೇಲೆ ನಿಲ್ಲಿಸುವುದೂ ಬೇರೆಬೇರೆ ನೈಪುಣ್ಯಗಳೆಂದು ಇದರಿಂದ ಸ್ಪಷ್ಟವಾಗುವುದು.

ಭರತನ ನಾಟ್ಯಶಾಸ್ತ್ರದಲ್ಲಿ ಆಹಾರ್ಯಾಭಿನಯವನ್ನು ಹೇಳುವಾಗ ಮಾಲ್ಯವು ವೇಷ್ಟಿತ, ವಿತತ, ಸಂಘಾತ್ಯ, ಗ್ರಂಥಿಮ, ಪ್ರಲಂಬಿತ ಎಂದು ಐದು ವಿಧವಾಗಿ ವಿಭಕ್ತವಾಗಿದೆ. ಜೈನಾಗಮಗಳಲ್ಲೊಂದಾದ ಸ್ಥಾನಾಂಗಸೂತ್ರದಲ್ಲಿ ಗ್ರಂಥಿಮ, ವೇಷ್ಟಿಮ, ಪೂರಿಮ, ಸಂಘಾತಿಮ ಎಂದು ನಾಲ್ಕು ವಿಧಗಳು ಕಾಣಬರುತ್ತವೆ. ಎರಡು ಸಂಪ್ರದಾಯಗಳ ಪಟ್ಟಿಗಳೂ ಬಹುಮಟ್ಟಿಗೆ ಒಂದಕ್ಕೊಂದು ಹೊಂದುವುದನ್ನು ನೋಡಿದರೆ, ಇವು ಪಂಡಿತರ ಕಲ್ಪನೆಗಳಾಗಿರದೆ ಕಸುಬುದಾರರಲ್ಲಿ ಬಳಕೆಯಲ್ಲಿದ್ದ ವಿಭಾಗಗಳಾಗಿರಬೇಕೆಂದು ಊಹಿಸುವುದು ಯುಕ್ತವಾಗಿದೆ.

ಈ ಹೆಸರುಗಳಿಗೆ ಇಂದಿನ ಕೈಗೆಲಸದಲ್ಲಿಯೇ ಉದಾಹರಣೆಗಳು ದೊರೆಯುವುವು. ಗ್ರಂಥಿಮವೆಂದರೆ ಗಂಟಿನಿಂದ ಆದುದು. ಕನ್ನಡಿಗರು ‘ಹೂ ಕಟ್ಟುವುದು’ ಎನ್ನುವ ಕ್ರಿಯೆಯೇ ಅದು. ಎರಡು ಮೊಗ್ಗುಗಳನ್ನು ಒಂದು ಕಡೆಗೆ ಮುಖಮಾಡಿ, ಎರಡನ್ನು ಎದುರುಕಡೆಗೆ ಮುಖಮಾಡಿ, ತೊಟ್ಟುಗಳನ್ನು ಒಂದರ ಮೇಲೊಂದು ಬರುವಂತೆ ಹಿಡಿದು, ನಾರನ್ನು ಬೆರಳಿಗೆ ಸುತ್ತಿ ಕುಣಿಕೆ ಮಾಡಿ, ಆ ಕುಣಿಕೆಯನ್ನು ತೊಟ್ಟುಗಳ ಮೇಲೆ ಇಳಿಸಿ ಎಳೆಯುವರು. ಸಡಿಲವಾದರೆ ಹೂವು ಜಾರುವುದು; ಬಿಗಿಯಾದರೆ ತೊಟ್ಟು ಕತ್ತರಿಸಿ ಹೋಗುವುದು. ಎಷ್ಟು ಎಳೆಯಬೇಕೆಂಬುದನ್ನು ಬೆರಳು ತಾನೇ ಅರಿಯಬೇಕು. ಸಂಘಾತ್ಯವು ಸೂಜಿಯಿಂದ ಪೋಣಿಸಿದುದು. ಸೇವಂತಿಗೆ, ಕಣಗಿಲೆ ಮುಂತಾದುವನ್ನು ಹೀಗೆ ಒತ್ತೊತ್ತಾಗಿ ಸೇರಿಸುವರು. ವೇಷ್ಟಿತವು ಸುತ್ತಿದುದು, ವಿತತವು ಹಲವು ಸರಗಳನ್ನು ಹೊಂದಿಸಿ ಹರಡಿದುದು, ಪ್ರಲಂಬಿತವು ಇಳಿಬಿಟ್ಟುದು. ಸ್ಥಾನಾಂಗದ ಪೂರಿಮವು ತುಂಬಿ ಮಾಡಿದುದು. ಉತ್ಸವಗಳಲ್ಲಿ ಬಿದಿರಿನ ಚೌಕಟ್ಟಿಗೆ ಹೂವು ತುಂಬಿ ನಿರ್ಮಿಸುವ ಮಂಟಪವನ್ನು ಇದಕ್ಕೆ ಹೋಲಿಸಬಹುದು.

ಇವುಗಳಲ್ಲಿ ಗ್ರಂಥಿಮಕ್ಕೂ ಸಂಘಾತ್ಯಕ್ಕೂ ಇರುವ ಭೇದವು ಮುಖ್ಯವಾದುದು. ಸೂಜಿಯು ಹೂವನ್ನು ಚುಚ್ಚುವುದು; ಚುಚ್ಚಿದ ಗಾಯದಿಂದಲೇ ಕೊಳೆಯುವಿಕೆಯು ಮೊದಲಾಗುವುದು. ಗಂಟಾದರೋ ಹೂವಿಗೆ ಗಾಯಮಾಡದೆ ಹಿಡಿದಿಡುವುದು. ಎಳಸಾದ ಮಲ್ಲಿಗೆಯನ್ನು ಕಟ್ಟುವುದೂ ದಪ್ಪವಾದ ಸೇವಂತಿಗೆಯನ್ನು ಪೋಣಿಸುವುದೂ ಏಕೆಂಬುದಕ್ಕೆ ಇದೇ ಕಾರಣ. ನೋಯಿಸದೆ ಬಂಧಿಸುವ ಈ ಕ್ರಿಯೆಯೇ ‘ಗ್ರಂಥ’ ಧಾತುವಿನ ಅರ್ಥಕ್ಕೆ ಜೀವ.

೩

ಅಮರಸಿಂಹನು ಮನುಷ್ಯವರ್ಗದಲ್ಲಿ ಮಾಲೆಯ ಹೆಸರುಗಳನ್ನು ಸ್ಥಾನಭೇದದಿಂದ ಹೇಳಿರುವನು. ಮಾಲ್ಯ, ಮಾಲಾ, ಸ್ರಕ್ ಎಂಬಿವನ್ನು ಅವನು ತಲೆಯ ಮೇಲಿನದಕ್ಕೆ ಹೇಳಿರುವನೆಂಬುದನ್ನು ಗಮನಿಸಬೇಕು. ಕೂದಲಿನ ನಡುವೆ ಇಟ್ಟುದು ಗರ್ಭಕ; ಶಿಖೆಯಿಂದ ಜೋಲುವುದು ಪ್ರಭ್ರಷ್ಟಕ; ಮುಂದಲೆಯಲ್ಲಿಟ್ಟುದು ಲಲಾಮಕ; ಕೊರಳಿನಿಂದ ನೇರವಾಗಿ ಇಳಿದುದು ಪ್ರಾಲಂಬ; ಎದೆಯ ಮೇಲೆ ಓರೆಯಾಗಿ ಹಾಕಿದುದು ವೈಕಕ್ಷಿಕ; ಶಿಖೆಯಲ್ಲಿ ಧರಿಸಿದುದು ಆಪೀಡ, ಶೇಖರ. ಇದರ ಬೆನ್ನಿಗೇ ರಚನೆ, ಪರಿಸ್ಪಂದ ಎಂಬ ಎರಡು ಪರ್ಯಾಯಗಳನ್ನು ಕೊಟ್ಟಿರುವನು. ಗ್ರಂಥಕರ್ತೃಗಳು ಹೆಮ್ಮೆಯಿಂದ ಹೇಳಿಕೊಳ್ಳುವ ರಚನಾಶಬ್ದವು ಕೋಶದಲ್ಲಿ ಹೂಮಾಲೆಗಳ ಸಾಲಿನ ಕೊನೆಯಲ್ಲಿ ಕುಳಿತಿರುವುದು.

ನಾವು ಇಂದು ಮಾಲೆಯೆಂದೊಡನೆ ಕೊರಳನ್ನು ನೆನೆಯುವೆವು. ಆದರೆ ಹಳಗನ್ನಡವು ಅಮರನ ಪಕ್ಷದಲ್ಲಿಯೇ ನಿಲ್ಲುವುದು. ‘ಮುಡಿ’, ‘ಸೂಡು’ ಎಂಬ ನಮ್ಮ ಹಳೆಯ ಕ್ರಿಯಾಪದಗಳು ಹೂವನ್ನು ತಲೆಯಲ್ಲಿ ಧರಿಸುವುದನ್ನೇ ಹೇಳುತ್ತವೆ. ಹೂಮಾಲೆಗೆ ಹಳಗನ್ನಡದಲ್ಲಿ ಇರುವ ‘ಬಾಸಿಗ’ವೆಂಬ ಶಬ್ದವು ಇಂದಿಗೂ ವಧೂವರರ ಹಣೆಯ ಬಾಸಿಂಗದಲ್ಲಿ ಉಳಿದಿರುವುದು. ಕಾವ್ಯದಲ್ಲಿ ಸ್ತ್ರೀಪುರುಷರು ಮಾಲೆಯನ್ನು ಧರಿಸಿದರೆಂದು ಬಂದಾಗಲೆಲ್ಲ ಕೊರಳಿಗೆ ಹಾಕಿ ಅರ್ಥಹೇಳುವ ಪದ್ಧತಿಯನ್ನು ಆದುದರಿಂದ ನಾವು ತಿದ್ದಿಕೊಳ್ಳಬೇಕಾಗಿದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯವಾಗಿದೆ. ಪಾಠಶಾಲೆಯಲ್ಲಿ ನಾನು ಅಮರವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿ, ಮುಂದೆ ಬಹುವರ್ಷ ಹೇಳಿಕೊಟ್ಟೆನು. ವೈಕಕ್ಷಿಕಕ್ಕೆ ‘ಒಂದು ಬಗೆಯ ಮಾಲೆ’ ಎಂದು ಹೇಳಿ ಮುಂದಿನ ಶ್ಲೋಕಕ್ಕೆ ಹೋಗುವುದೇ ನನ್ನ ಪದ್ಧತಿಯಾಗಿದ್ದಿತು. ಒಂದು ದಿನ ದೇವಾಲಯದಲ್ಲಿ ಅಲಂಕಾರದ ಹೊತ್ತಿಗೆ ವೃದ್ಧನಾದ ಹೂವಾಡಿಗನೊಬ್ಬನು ಮಾಲೆಯೊಂದನ್ನು ಅರ್ಚಕರಿಗೆ ಕೊಡುತ್ತ, “ಸ್ವಾಮಿ, ಇದು ನೇರಕ್ಕೆ ಹಾಕೋದಲ್ಲ; ಜನಿವಾರದ ಹಾಗೆ ಓರೆ ಬರಬೇಕು. ಅದಕ್ಕೇ ಹೆಗಲ ಮೇಲೆ ಬರೋ ಕಡೆ ಹೂ ತೆಳ್ಳಗೆ ಕಟ್ಟಿದೀನಿ” ಎಂದನು. ಹೆಗಲಿನ ಮೇಲೆ ದಪ್ಪವಾದರೆ ಮಾಲೆ ನಿಲ್ಲದೆ ಜಾರುವುದೆಂದೂ, ಎದೆಯ ಭಾಗದಲ್ಲಿ ತುಂಬಿಕೊಂಡಿರಬೇಕೆಂದೂ ಕೇಳಿದಾಗ ತಿಳಿಸಿದನು. ಅಮರನ ಅರ್ಧಶ್ಲೋಕಕ್ಕೆ ಅರ್ಥವು ನನಗೆ ಆ ದಿನ ತಿಳಿಯಿತು. ಆ ಶಬ್ದವನ್ನು ಆತನು ಕೇಳಿರಲಿಲ್ಲ. ಆ ವಸ್ತುವನ್ನು ನಾನು ಕಂಡಿರಲಿಲ್ಲ. ಇಬ್ಬರಲ್ಲಿ ಯಾರ ಅಜ್ಞಾನವು ದೊಡ್ಡದೆಂಬುದನ್ನು ವಾಚಕರೇ ನಿರ್ಣಯಿಸಲಿ.

೪

ಇನ್ನು ಹೂವನ್ನು ಕಾಪಾಡುವ ವಿಚಾರ. ನಳೋಪಾಖ್ಯಾನದಲ್ಲಿ ದಮಯಂತಿಯು ದೇವತೆಗಳನ್ನೂ ನಳನನ್ನೂ ಬೇರ್ಪಡಿಸಿ ಗುರುತಿಸುವುದಕ್ಕೆ ಒಂದು ಲಕ್ಷಣವು ಮಾಲೆಯೇ. ದೇವತೆಗಳದು ಬಾಡಿರಲಿಲ್ಲ, ನಳನದು ಬಾಡಿದ್ದಿತು. ಪಂಪನು ಕ್ರಿ. ಶ. ೯೪೧ರಲ್ಲಿ ರಚಿಸಿದ ಆದಿಪುರಾಣದಲ್ಲಿ ಲಲಿತಾಂಗದೇವನಿಗೆ ಸ್ವರ್ಗದ ಆಯುಷ್ಯವು ಆರು ತಿಂಗಳು ಮಾತ್ರ ಉಳಿದುದನ್ನು ತಿಳಿಸುವ ಕುರುಹು ಅವನು ಮುಡಿದ ಮಾಲೆಯು ಬಾಡಿದುದು. ಬಾಡುವುದು ಮರ್ತ್ಯತ್ವದ ಲಕ್ಷಣವೆಂದು ಕವಿಗಳು ಕಂಡರು. ಆ ಬಾಡುವಿಕೆಯನ್ನು ನಾಲ್ಕು ಜಾವದ ಮಟ್ಟಿಗಾದರೂ ತಡೆಯುವುದು ಮಾಲೆಗಾರನ ದಿನದಿನದ ಕೆಲಸವಾಗಿದ್ದಿತು.

ಧರ್ಮನಿಬಂಧಗಳಲ್ಲಿ ಪೂಜಾಪುಷ್ಪಗಳನ್ನು ಕುರಿತು ಉದ್ಧೃತವಾಗಿರುವ ವಚನಗಳನ್ನು ನಾವು ಆಚಾರದ ದೃಷ್ಟಿಯಿಂದ ಮಾತ್ರ ಓದುತ್ತ ಬಂದಿರುವೆವು. ಅವುಗಳಲ್ಲಿ ಹೂವನ್ನು ಕಾಯುವ ವಿದ್ಯೆಯೂ ಅಡಗಿದೆ. ನೀರಿನೊಳಗೆ ಮುಳುಗಿಸಿ ತೊಳೆದ ಹೂವನ್ನು ಆ ವಚನಗಳು ನಿರ್ಮಾಲ್ಯಕ್ಕೆ ಸಮಾನವೆಂದು ಎಣಿಸುತ್ತವೆ. ಎಸಳುಗಳ ನಡುವೆ ನಿಂತ ನೀರು ಹೂವನ್ನು ಕಪ್ಪಾಗಿಸಿ ಕೊಳೆಯಿಸುವುದೆಂದು ಹೂವು ಮಾರುವವರೆಲ್ಲರೂ ಬಲ್ಲರು. ಅವರು ಚಿಮುಕಿಸುವರೇ ಹೊರತು ಮುಳುಗಿಸುವುದಿಲ್ಲ. ಹಾಗೆಯೇ ಉಟ್ಟ ಬಟ್ಟೆಯಲ್ಲಿ ಕಟ್ಟಿ ತರಬಾರದೆಂಬ ನಿಷೇಧವಿದೆ. ಬಟ್ಟೆಯು ಹೂವಿನ ತೇವವನ್ನು ಹೀರುವುದು, ಮೈಶಾಖವು ಅದನ್ನು ಬಾಡಿಸುವುದು.

ಹಳಸಿದ ಹೂವು, ಅಂದರೆ ಪರ್ಯುಷಿತವು, ವರ್ಜ್ಯವೆಂಬ ಸಾಮಾನ್ಯವಿಧಿಗೆ ತುಲಸಿ, ಬಿಲ್ವ ಮತ್ತು ನೀರಿನಲ್ಲಿ ಹುಟ್ಟಿದ ಹೂವುಗಳು ಅಪವಾದಗಳೆಂದು ಎಲ್ಲರಿಗೂ ತಿಳಿದೇ ಇದೆ. ಆದರೆ ಅದೇ ಪ್ರಕರಣದಲ್ಲಿ ಇನ್ನೊಂದು ಅಪವಾದವಿದೆ. ಅದರ ಮೇಲೆ ಯಾರೂ ಕಣ್ಣಿಟ್ಟಂತೆ ತೋರುವುದಿಲ್ಲ. ಮಾಲಾಕಾರನ ಮನೆಯಲ್ಲಿರುವ ಹೂವಿಗೆ ಪರ್ಯುಷಿತದೋಷವಿಲ್ಲವೆಂಬುದೇ ಅದು. ಇದನ್ನು ವ್ಯಾಪಾರಕ್ಕಾಗಿ ಮಾಡಿದ ಸೌಕರ್ಯವೆಂದು ಹೇಳುವುದು ಸುಲಭ. ನನಗಾದರೋ ಇದು ಒಂದು ಪ್ರಮಾಣಪತ್ರದಂತೆ ತೋರುವುದು. ಗೃಹಸ್ಥನ ಮನೆಯಲ್ಲಿ ಒಂದು ರಾತ್ರಿ ಕಳೆದ ಹೂವು ಹಳಸುವುದು. ಮಾಲಾಕಾರನ ಮನೆಯಲ್ಲಿ ಹಳಸದು. ಕಾಯುವ ವಿದ್ಯೆ ಅವನಲ್ಲಿದೆಯೆಂದು ಸ್ಮೃತಿಕಾರರು ಒಪ್ಪಿದಂತಾಯಿತು. ಅಮರಸಿಂಹನು ಶೂದ್ರವರ್ಗದಲ್ಲಿ ಕುಂಬಾರ ಮೊದಲಾದ ಕಸುಬುದಾರರ ಜೊತೆಗೆ ಹೆಸರಿಸಿದ ಮನುಷ್ಯನ ಮನೆಗೆ, ಶುಚಿತ್ವದ ವಿಷಯದಲ್ಲಿ, ಬ್ರಾಹ್ಮಣಗೃಹಕ್ಕೂ ಇಲ್ಲದ ಒಂದು ಅಧಿಕಾರವು ಹೀಗೆ ದೊರೆಯಿತು.

ಆ ವಿದ್ಯೆಯ ಯುಕ್ತಿಯನ್ನು ಈಗಿನ ಸಸ್ಯಶಾಸ್ತ್ರವು ವಿವರಿಸಬಲ್ಲುದು. ಕಿತ್ತ ಹೂವು ಒಡನೆ ಸಾಯುವುದಿಲ್ಲ. ಅದು ಉಸಿರಾಡುತ್ತ, ತನ್ನಲ್ಲಿರುವ ಸಕ್ಕರೆಯನ್ನು ವ್ಯಯಮಾಡುತ್ತ, ಎಸಳುಗಳಿಂದ ನೀರನ್ನು ಆವಿಯಾಗಿ ಕಳೆದುಕೊಳ್ಳುತ್ತಿರುವುದು. ಶಾಖವು ಹೆಚ್ಚಿದಷ್ಟೂ ಈ ವ್ಯಯವು ಹೆಚ್ಚುವುದು. ಉದ್ದವಾದ ಕಾಂಡವುಳ್ಳ ಹೂವನ್ನು ನೀರಿನಲ್ಲಿ ನಿಲ್ಲಿಸಬಹುದು. ಆಗಲೂ ಕತ್ತರಿಸಿದ ಬಾಯಿಯಿಂದ ಗಾಳಿಯು ಒಳಹೊಕ್ಕರೆ ಅಥವಾ ಕೊಳೆತ ನೀರಿನ ಸೂಕ್ಷ್ಮಜೀವಿಗಳು ನಾಳಗಳನ್ನು ಮುಚ್ಚಿದರೆ ಹೂವು ನೀರಿನಲ್ಲಿದ್ದರೂ ಬಾಯಾರಿ ತಲೆಬಾಗುವುದು. ಆದುದರಿಂದಲೇ ಹರಿತವಾದ ಕತ್ತಿಯಿಂದ ಓರೆಯಾಗಿ ಮರಳಿ ಕೊಯ್ದು, ನೀರಿಗೆ ತಾಗುವ ಎಲೆಗಳನ್ನು ಸವರಿ, ನೀರನ್ನು ದಿನವೂ ಬದಲಿಸಬೇಕು. ಮಾಗಿದ ಹಣ್ಣುಗಳು ಎಥಿಲೀನ್ ಎಂಬ ವಾಯುವನ್ನು ಹೊರಬಿಟ್ಟು ಅನೇಕ ಹೂವುಗಳನ್ನು ಬೇಗ ಉದುರಿಸುವುದರಿಂದ ಹೂವನ್ನೂ ಹಣ್ಣನ್ನೂ ಒಂದೇ ಬುಟ್ಟಿಯಲ್ಲಿಡಬಾರದು.

ಮಲ್ಲಿಗೆಗೆ ನೀರು ಕುಡಿಯಲು ಕಾಂಡವಿಲ್ಲ, ತೊಟ್ಟು ಮಾತ್ರವಿದೆ. ಅದನ್ನು ಕಾಯುವ ಬಗೆಯೇ ಬೇರೆ. ಉಡುಪಿಯ ಸಮೀಪದ ಶಂಕರಪುರದ ಮಲ್ಲಿಗೆಯನ್ನು ನೋಡಿದರೆ ಇದು ತಿಳಿಯುವುದು. ಅಲ್ಲಿ ಬಿರಿಯದ ಮೊಗ್ಗುಗಳನ್ನು ಬೆಳಗ್ಗೆ ಬಿಸಿಲೇರುವ ಮೊದಲು ಕೊಯ್ದು, ಬಾಳೆಯ ನಾರಿನಿಂದ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ ಮಾರುಕಟ್ಟೆಗೆ ಕಳುಹಿಸುವರು. ಸುಮಾರು ೮೦೦ ಹೂವುಗಳಿಗೆ ಒಂದು ಚೆಂಡು, ೪ ಚೆಂಡುಗಳಿಗೆ ಒಂದು ಅಟ್ಟೆ ಎಂಬುದು ಅಲ್ಲಿಯ ಅಳತೆ. ಒದ್ದೆಯಾದ ಬಾಳೆಯ ನಾರು ತೇವವನ್ನು ಹಿಡಿದಿಡುವುದು, ಮೆತ್ತಗಿರುವುದರಿಂದ ತೊಟ್ಟನ್ನು ಕೊಯ್ಯುವುದಿಲ್ಲ. ಬಾಳೆಲೆಯು ಆವಿಯನ್ನು ಹೊರಕ್ಕೆ ಬಿಡದು. ಮೊಗ್ಗು ದಾರಿಯಲ್ಲಿ ಬಲಿತು ಸಂಜೆಗೆ ಮುಡಿಯಲ್ಲಿ ಬಿರಿಯುವುದು. ಸಂಪಿಗೆ, ಕಮಲ ಮೊದಲಾದುವನ್ನು ಬಿಟ್ಟು ಮೊಗ್ಗುಗಳಿಂದ ಪೂಜಿಸಬಾರದೆಂಬ ವಚನವೂ ಉಂಟಷ್ಟೆ. ಮೊಗ್ಗನ್ನು ಕಟ್ಟಿ ಹೂವನ್ನು ಅರ್ಪಿಸುವ ಈ ಕಾಲಜ್ಞಾನದಿಂದ ಆ ವಿಧಿಗೂ ಭಂಗ ಬರುವುದಿಲ್ಲ.

ಬಾಡಿದ ಮೇಲೂ ಬೆಲೆ ಕಳೆದುಕೊಳ್ಳದ ಹೂವುಗಳೂ ಇವೆ. ರಂಜದ ಹೂವಿನ, ಅಂದರೆ ಬಕುಳದ, ನಡುವೆ ಸಹಜವಾದ ರಂಧ್ರವಿರುವುದರಿಂದ ಅದನ್ನು ಚುಚ್ಚಬೇಕಾಗಿಲ್ಲ; ಮರದಿಂದ ತಾನಾಗಿ ಉದುರುವುದರಿಂದ ಕೀಳಬೇಕಾಗಿಯೂ ಇಲ್ಲ. ಮಲೆನಾಡು ಕರಾವಳಿಗಳ ಸುರಗಿಯು ಒಣಗಿದ ಮೇಲೂ ಬಹುಕಾಲ ಪರಿಮಳವನ್ನು ಉಳಿಸಿಕೊಳ್ಳುವುದು. ಕವಿಗಳು ಬಕುಳ ಸುರಗಿಗಳನ್ನು ಹೆಸರಿಸಿದಾಗ ಅದನ್ನು ಕೇವಲ ವನವರ್ಣನೆಯ ಪಟ್ಟಿಯೆಂದು ಬಿಡದೆ, ಈ ಗುಣಗಳನ್ನು ನೆನೆದು ಓದಬೇಕು.

೫

ಕನ್ನಡನಾಡಿನಲ್ಲಿ ಈ ವಿದ್ಯೆಗೆ ರಾಜಾಶ್ರಯವೂ ಭಕ್ತಾಶ್ರಯವೂ ಇದ್ದುವು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಸ್ತ್ರೋಪಭೋಗ, ಭೂಷೋಪಭೋಗಗಳ ಜೊತೆಗೆ ಮಾಲ್ಯೋಪಭೋಗಕ್ಕೂ ಪ್ರತ್ಯೇಕವಾದ ಅಧ್ಯಾಯವಿದೆ. ಹೂವಿನ ಮಾಲೆಗೆ ಚಿನ್ನದ ಒಡವೆಗೆ ಸಮನಾದ ಸ್ಥಾನವು ಅರಮನೆಯಲ್ಲಿ ದೊರೆತಿದ್ದಿತೆಂಬುದು ಇದರಿಂದ ವ್ಯಕ್ತವಾಗುವುದು. ದೇವಾಲಯಗಳಿಗೆ ಪೂದೋಂಟಗಳನ್ನು ಬಿಟ್ಟುದನ್ನು ನಮ್ಮ ಶಾಸನಗಳು ಅನೇಕಕಡೆ ಹೇಳುತ್ತವೆ. ಕ್ರಿ. ಶ. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಅಲ್ಲಿಯ ಜನರಿಗೆ ಗುಲಾಬಿಯು ಅನ್ನದಷ್ಟೇ ಅವಶ್ಯಕವೆಂದು ಕಂಡು ಬೆರಗಾದನು.

ಸಾಹಿತ್ಯದಲ್ಲಿ ಈ ವಿಷಯಕ್ಕೆ ಹರಿಹರನ ಪುಷ್ಪರಗಳೆಗೆ ಸಮನಾದುದು ಬೇರೊಂದಿಲ್ಲ. ಹಂಪೆಯ ವಿರೂಪಾಕ್ಷನಿಗಾಗಿ ನಸುಕಿನಲ್ಲಿಯೇ ತೋಟಕ್ಕೆ ಹೋಗಿ, ಹೂವುಗಳನ್ನು ಹೆಸರು ಹಿಡಿದು ಮಾತನಾಡಿಸಿ, ನೋಯದಂತೆ ಎತ್ತಿ, ಮಾಲೆಗಳನ್ನು ಮಾಡಿ ಸ್ವಾಮಿಯನ್ನು ಸಿಂಗರಿಸುವುದೇ ಆ ಕೃತಿಯ ವಸ್ತು. ಅದನ್ನು ಭಕ್ತಿಯ ಆವೇಶವೆಂದು ಮಾತ್ರ ಪಾಠಹೇಳುವುದು ಸಂಪ್ರದಾಯ. ಆದರೆ ನಸುಕಿನ ವೇಳೆ, ಮೃದುವಾದ ಕೈ, ಒಂದೊಂದು ಹೂವಿಗೂ ತಕ್ಕ ಮಾಲೆ ಎಂಬ ಈ ಕ್ರಮವು ಕಸುಬುಬಲ್ಲವನ ಕ್ರಮವೇ ಆಗಿದೆ. ಭಕ್ತಿಯು ಆ ಕ್ರಮವನ್ನು ಬಿಡಲಿಲ್ಲ. ಅದನ್ನೇ ಪೂಜೆಯಾಗಿ ಮಾಡಿತು.

ಮಾಲೆಯ ಹೂವುಗಳು ಕಾಲಕಾಲಕ್ಕೆ ಬದಲಾದುವೆಂಬುದನ್ನೂ ಮರೆಯಬಾರದು. ಇಂದಿನ ಹಬ್ಬಗಳಿಗೆ ಅನಿವಾರ್ಯವಾದ ಚೆಂಡುಹೂವೂ, ಮದುವೆಯ ಮಾಲೆಯ ಸುಗಂಧರಾಜವೂ ಮೆಕ್ಸಿಕೋ ದೇಶದ ಕಡೆಯವು. ಹದಿನಾರನೆಯ ಶತಮಾನಕ್ಕೆ ಮೊದಲು ಇವು ನಮ್ಮಲ್ಲಿರಲಿಲ್ಲ. ಪಂಪನ ಬನವಾಸಿಯ ವರ್ಣನೆಗೆ ಚೆಂಡುಹೂವನ್ನು ಸೇರಿಸಿ ಚಿತ್ರ ಬರೆಯುವವರು ಇದನ್ನು ನೆನಪಿಡಬೇಕು. ಹೂವು ಹೊಸದಾದರೂ ಕಟ್ಟುವ ಕೈ ಹಳೆಯದೇ. ಕಡಲಾಚೆಯಿಂದ ಬಂದ ಹೂವನ್ನು ನಮ್ಮ ಮಾಲೆಗಾರನು ಭರತನ ಪಟ್ಟಿಯಲ್ಲಿದ್ದ ಸಂಘಾತ್ಯಕ್ಕೆ ಹೊಂದಿಸಿಕೊಂಡನು.

೬

ಈಗ ಕಾವ್ಯಪರಿಭಾಷೆಗೆ ಮರಳೋಣ. ಭಾಮಹನು ಕಾವ್ಯಾಲಂಕಾರದ ಮೊದಲನೆಯ ಪರಿಚ್ಛೇದವನ್ನು ಮುಗಿಸುವಾಗ ಕವಿಯ ಶಬ್ದಯೋಜನೆಯನ್ನು ಮಾಲಾಕಾರನ ಕೆಲಸಕ್ಕೆ ಹೋಲಿಸಿರುವನು. ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು, ಯಾವುದಕ್ಕೆ ಯಾವ ಎಡೆ ಎಂಬ ವಿವೇಕವನ್ನು ಕವಿಯು ಅವನಿಂದ ಕಲಿಯಬೇಕೆಂಬುದು ಅಲ್ಲಿಯ ತಾತ್ಪರ್ಯ. ನಮ್ಮ ಖ್ಯಾತಕರ್ಣಾಟಕ ವೃತ್ತಗಳು ಆರು. ಉತ್ಪಲಮಾಲೆ, ಚಂಪಕಮಾಲೆ, ಸ್ರಗ್ಧರೆ, ಮಹಾಸ್ರಗ್ಧರೆ ಎಂಬ ನಾಲ್ಕರ ಹೆಸರಿನಲ್ಲಿ ಮಾಲೆಯಿದೆ. ಉಳಿದ ಎರಡರಲ್ಲಿ ಹುಲಿಯೂ ಆನೆಯೂ ಇವೆ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಗ್ರಂಥಶಬ್ದವು ತಾಳೆಯ ಗರಿಗಳನ್ನು ದಾರದಿಂದ ಕಟ್ಟುವುದರಿಂದ ಬಂದುದು, ಹೂವಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಅನೇಕ ವಿದ್ವಾಂಸರು ಹೇಳುವರು. ಆ ಮತವನ್ನು ನಾನು ಅಲ್ಲಗಳೆಯುವುದಿಲ್ಲ. ಗ್ರಂಥವೆಂಬ ಒಂದು ಶಬ್ದಕ್ಕೆ ಅದು ಸಾಧ್ಯವಾದ ವಿವರಣೆಯೇ. ಆದರೆ ಗುಂಫನಕ್ಕೂ ಸಂದರ್ಭಕ್ಕೂ ರಚನೆಗೂ ಅದರಿಂದ ಸಮಾಧಾನ ದೊರೆಯದು. ಗರಿಗೆ ದಾರ ಹಾಕುವವನು ಏನನ್ನೂ ಆಯ್ದುಕೊಳ್ಳುವುದಿಲ್ಲ. ಗರಿಗಳ ಕ್ರಮವು ಬರೆದವನಿಂದ ಮೊದಲೇ ನಿಶ್ಚಿತವಾಗಿರುವುದು. ಆಯ್ಕೆ, ತ್ಯಾಗ, ಸ್ಥಾನನಿರ್ಣಯ ಎಂಬ ಮೂರೂ ಕೂಡಿರುವುದು ಮಾಲೆಯಲ್ಲಿ. ಭಾಮಹನು ಓಲೆಕಾರನನ್ನು ಬಿಟ್ಟು ಮಾಲೆಗಾರನನ್ನು ಕರೆದುದಕ್ಕೆ ಇದೇ ಹೇತುವೆಂದು ತೋರುವುದು.

ಹೀಗೆ ನೋಡಿದರೆ ಕಾವ್ಯಬಂಧದ ಗುಣದೋಷಗಳೂ ಹೆಚ್ಚು ಸ್ಪಷ್ಟವಾಗುವುವು. ಶೈಥಿಲ್ಯವೆಂದರೆ ಕುಣಿಕೆ ಸಡಿಲವಾಗಿ ಹೂವು ಜಾರುವುದು. ಅತಿಗಾಢವಾದ ಬಂಧವೆಂದರೆ ನಾರು ತೊಟ್ಟನ್ನು ಕತ್ತರಿಸುವುದು. ಪ್ರಾಸಕ್ಕಾಗಿ ಶಬ್ದವನ್ನು ಮುರಿಯುವ ಕವಿಯು ಗಂಟಿಡಬೇಕಾದ ಮಲ್ಲಿಗೆಗೆ ಸೂಜಿ ಹಾಕಿದವನು. ಇವು ನನ್ನ ಚಮತ್ಕಾರದ ಮಾತುಗಳಲ್ಲ. ಪರಿಭಾಷೆಯು ತಾನು ಹುಟ್ಟಿದ ಮನೆಯನ್ನು ನೆನೆಯುವ ರೀತಿ.

೭

ಶಬ್ದವು ಉಳಿದು ಕ್ರಿಯೆಯು ಮರೆಯಾದರೆ ಕೋಶವು ಮತ್ತೆ ಗಾಣದಂತೆ ಸುತ್ತತೊಡಗುವುದು. ಈಗ ಬಾಳೆಯ ನಾರಿನ ಸ್ಥಾನಕ್ಕೆ ಅನೇಕ ಕಡೆ ನೈಲಾನ್ ದಾರವು ಬಂದಿದೆ. ಬಾಳೆಲೆಯ ಸ್ಥಾನಕ್ಕೆ ಪ್ಲಾಸ್ಟಿಕ್ ಚೀಲವು ಬಂದಿದೆ. ಬಾಡದ ಕಾಗದದ ಮಾಲೆ, ಬಟ್ಟೆಯ ಮಾಲೆಗಳೂ ಬಂದಿವೆ. ದೇವತೆಗಳ ಅಮ್ಲಾನಮಾಲೆಯು ಅಂಗಡಿಯಲ್ಲಿ ದೊರೆಯುವ ಕಾಲದಲ್ಲಿ ಬಾಡುವ ಹೂವನ್ನು ಕಾಯುವ ವಿದ್ಯೆಯನ್ನು ಕಲಿಯುವವರು ಕಡಮೆಯಾದರೆ ಆಶ್ಚರ್ಯವಿಲ್ಲ.

ಆದುದರಿಂದ ಸಾಹಿತ್ಯೋಪಾಧ್ಯಾಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಹೂವಾಡಿಗರು, ಹೂಗಾರರು, ಮಾಲೆಗಾರರು ಬಳಸುವ ಶಬ್ದಗಳನ್ನು, ಗಂಟಿನ ಭೇದಗಳನ್ನು, ಅಳತೆಗಳನ್ನು ತಮ್ಮ ತಮ್ಮ ಊರುಗಳಲ್ಲಿ ಸಂಗ್ರಹಿಸಬೇಕು. ಅಮರದ ಮಾಲ್ಯಪ್ರಕರಣವನ್ನಾಗಲಿ ಪುಷ್ಪರಗಳೆಯನ್ನಾಗಲಿ ಪಾಠಹೇಳುವ ದಿನ, ಒಂದು ಮೊಳ ನಾರನ್ನೂ ಒಂದು ಬೊಗಸೆ ಮೊಗ್ಗನ್ನೂ ತರಗತಿಗೆ ತರಿಸಿ, ಕಟ್ಟಬಲ್ಲವರೊಬ್ಬರನ್ನು ಮರ್ಯಾದೆಯಿಂದ ಕರೆದು ಕೂರಿಸಬೇಕು. ಗ್ರಂಥವೆಂಬ ಶಬ್ದದ ಅರ್ಥವನ್ನು ಆ ದಿನ ಅವರ ಬೆರಳುಗಳು ಹೇಳಲಿ. ನಾವು ವಿದ್ಯಾರ್ಥಿಗಳ ಜೊತೆಗೆ ಕುಳಿತು ನೋಡೋಣ.